ಗೌರಾಬಾಯಿಯ ಪೆಟ್ಟಿಗೆ, ಪಾರಿಸಣ್ಣನ ಬೆಕ್ಕು

ಕೊಗನೊಳ್ಳಿಯಲ್ಲಿ ಇನ್ನೂ ನಸುಕು. ಗೌರಾಬಾಯಿ ಭೋಯಿ ಎರಡು ಗೋಣಿಚೀಲಗಳನ್ನು ಬಸ್ಸಿನೊಳಗೆ ತಳ್ಳಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತುತ್ತಾರೆ. ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ ಗೃಹಸ್ಥರೊಬ್ಬರು ಥಟ್ಟನೆ ಕಣ್ಣು ಬಿಡುತ್ತಾರೆ. ಚೀಲ ನೋಡುತ್ತಾರೆ, ಗೌರಾಬಾಯಿಯನ್ನು ನೋಡುತ್ತಾರೆ, ಎದ್ದು ಡ್ರೈವರನ ಪಕ್ಕ ಹೋಗಿ ನಿಲ್ಲುತ್ತಾರೆ. ಉದ್ದನೆಯ ಸೀಟು ಪೂರ್ತಿ ಖಾಲಿ.

"ಜಾಗಾ ಬಿಡ್ರಿ ಅಂತ ನಾ ಯಾರಿಗೂ ಅಂದಿಲ್ರಿ. ಅವರ ಪಾಡಿಗೆ ಅವರ ಎದ್ದ ಹೋಗ್ತಾರ" ಎನ್ನುತ್ತ ಅವರು ಕಾಲು ಚಾಚಿ ಕೂರುತ್ತಾರೆ. ಕಂಡಕ್ಟರ್ ದುರಗಪ್ಪ ದೂರದಿಂದಲೇ ಕೈ ಚಾಚಿ ಟಿಕೆಟ್ ಕೊಡುತ್ತಾನೆ. "ಅವ್ವಾ, ನೀ ಹತ್ತಿದಿ ಅಂದ್ರ ನನ್ನ ನಿದ್ದಿ ಹರೀತೈತಿ ನೋಡು."

ಚೀಲದಲ್ಲಿರುವುದು ಒಣಮೀನು. ಒಂದರಲ್ಲಿ ಸುಕಟ ಎನ್ನುವ ಪುಟಾಣಿ ಒಣಸೀಗಡಿ, ಇನ್ನೊಂದರಲ್ಲಿ ಕಟ್ಟಿಗೆಯಂತೆ ಸೆಟೆದ ಬೊಂಬಿಲ. ಕೊಂಕಣದಿಂದ ಟೆಂಪೊ ಹತ್ತಿ ನಿಪ್ಪಾಣಿಗೆ ಬರುವ ಇವು ಕರಾವಳಿಯವರಿಗೆ ಗಂಜಿಯ ಜೊತೆ ನಂಚಿಕೊಳ್ಳುವ ಸರಕು. ನಮ್ಮ ಕಡೆ ಇವಕ್ಕೆ ಜೋಳದ ರೊಟ್ಟಿಯೇ ಜೋಡಿ. "ಹಂಚಿನ ಮ್ಯಾಲೆ ಹುರದು, ಉಳ್ಳಾಗಡ್ಡಿ, ಮಸಾಲಿ ಖಾರ ಹಾಕಿ ತಿರುವ್ಯಾಡ್ರಿ. ಎರಡ ರೊಟ್ಟಿ ಸಾಕು ಅನ್ನಾಂವ ನಾಕ ಉಣ್ತಾನ" ಎನ್ನುತ್ತಾರೆ. ನಿಪ್ಪಾಣಿಯಲ್ಲಿ ಗಿರಾಕಿಗಳು ಮರಾಠಿಯಲ್ಲಿ ಕೇಳುತ್ತಾರೆ, ಐನಾಪುರದಲ್ಲಿ ಕನ್ನಡದಲ್ಲಿ. ಪಿಸುಮಾತಿನಲ್ಲಿ ಕೇಳುವವರು ಎರಡೂ ಊರಲ್ಲಿದ್ದಾರೆ. ಅಂಥವರಿಗಾಗಿಯೇ ಗೌರಾಬಾಯಿ ಒಂದು ಸಿವುಡು ಮೆಂತ್ಯದ ಸೊಪ್ಪು ಇಟ್ಟುಕೊಂಡಿರುತ್ತಾರೆ. ಪೊಟ್ಟಣದ ಮೇಲೆ ಅದನ್ನು ಹರಡಿಕೊಟ್ಟರೆ ಗಿರಾಕಿ ತಲೆಯೆತ್ತಿ ನಡೆಯುತ್ತಾನೆ.

ಗಂಡ ತೀರಿಕೊಂಡಾಗ ಮಗಳು ಸ್ನೇಹಲ ಇನ್ನೂ ತೊಡೆಯ ಮೇಲಿನ ಕೂಸು. ಅತ್ತೆ ತಮ್ಮ ತಕ್ಕಡಿಯನ್ನೇ ಸೊಸೆಯ ಕೈಗಿಟ್ಟರು. ಆ ತಕ್ಕಡಿಯ ದುಡಿಮೆಯಲ್ಲೇ ಮಗಳು ಓದಿದಳು, ಈಗ ರಾಯಬಾಗದಲ್ಲಿ ನರ್ಸ್. ವ್ಯಾಪಾರವೆಲ್ಲ ಮಳೆಗಾಲದ ಮೊದಲ ವಾರಗಳಲ್ಲಿ. "ಶ್ರಾವಣ ಬಂತಂದ್ರ ಊರಿಗೆ ಊರೇ ದೇವರ ಮಕ್ಕಳಾಗ್ತಾರ. ಅದಕ್ಕೂ ಮದಲ ಮಾರಿದ್ದೇ ಖರೆ."

ಅತ್ತೆಯಿಂದ ಬಂದ ಇನ್ನೊಂದು ಆಸ್ತಿ ಐನಾಪುರದ ಸಂತೆಯಲ್ಲಿದೆ. ಪಾರಿಸ ಮಗದುಮ್ ಅವರ ಕಾಳುಕಡಿ ಅಂಗಡಿಯ ಮುಂದಿನ ತಗಡಿನ ಚಪ್ಪರ, ಅದರಡಿ ಒಂದು ಮರದ ಪೆಟ್ಟಿಗೆ. ಒಮ್ಮೆ ಮಳೆಯಲ್ಲಿ ತೋಯುತ್ತಿದ್ದ ಅತ್ತೆಯನ್ನು ಪಾರಿಸಣ್ಣನ ತಂದೆ ಚಪ್ಪರದಡಿ ಕರೆದಿದ್ದರಂತೆ. ಅಂದು ಬಂದ ಪೆಟ್ಟಿಗೆ ಅಲ್ಲೇ ಉಳಿಯಿತು. ಉಳಿದ ಮಾಲು ಮುಂದಿನ ಸಂತೆಯವರೆಗೆ ಬೀಗ ಹಾಕಿಕೊಂಡು ಅದರೊಳಗೇ ಇರುತ್ತದೆ. ಪಕ್ಕದ ಹಲಗೆಯೊಂದು ಸೀಳಿದೆ. ವಾಸನೆ ವಾರಪೂರ್ತಿ ಆ ಸೀಳಿನಿಂದ ಹೊರಗೆ, ಊರ ಬೆಕ್ಕುಗಳು ವಾರಪೂರ್ತಿ ಆ ಸೀಳಿನ ಮುಂದೆ.

ಪಾರಿಸಣ್ಣ ಅಪ್ಪಟ ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಇಷ್ಟು ವರ್ಷ ಜೋಳ ತೂಗಿದ್ದಾರೆ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಅವರಿಗೆ ಸಾಕಾಯಿತು. ಪೆಟ್ಟಿಗೆ ಎತ್ತಿಸಿ ಸಂತೆಯ ಕೊನೆಗೆ, ಗಟಾರದ ಪಕ್ಕಕ್ಕೆ ಇಡಿಸಿದರು. ಅಲ್ಲಿ ತಲೆಯ ಮೇಲೆ ಸೂರಿಲ್ಲ. ಮೊದಲ ದೊಡ್ಡ ಮಳೆಗೆ ನೀರು ಪೆಟ್ಟಿಗೆಗೆ ನುಗ್ಗಿ ಅರ್ಧ ಮಾಲಿಗೆ ಬೂಷ್ಟು ಹಿಡಿಯಿತು. "ಆವತ್ತ ನಾ ಅತ್ತಬಿಟ್ಟೆರಿ. ಈ ಊರ ಸಂತಿ ಬಿಟ್ಟರ ಹೊಟ್ಟಿಗೇನು? ಮಗಳು ಬಾ ಅಂತಾಳ ಖರೆ, ಅಳಿಯನ ಮನ್ಯಾಗ ಎಷ್ಟ ದಿನ ಕುಂಡ್ರೂದು?" ಎನ್ನುವಾಗ ಅವರ ದನಿ ಈಗಲೂ ತಗ್ಗುತ್ತದೆ.

ಇತ್ತ ಬೆಕ್ಕುಗಳೂ ಪೆಟ್ಟಿಗೆಯ ಹಿಂದೆಯೇ ಹೋದವು. ಪಾರಿಸಣ್ಣನ ಅಂಗಡಿಗೆ ಇಲಿಗಳು ಬಂದವು.

ಬೇರೆಯವರಾದರೆ ಪಾಷಾಣ ಇಡುತ್ತಿದ್ದರು. ಪಾರಿಸಣ್ಣ ಇರುವೆ ಕಂಡರೂ ದಾಟಿ ನಡೆಯುವವರು. ಬೋನಿಟ್ಟರು. ಸಿಕ್ಕ ಇಲಿಯನ್ನು ಬೆಳಗ್ಗೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಕಬ್ಬಿನ ಗದ್ದೆಗೆ ಬಿಟ್ಟು, ಕೈಮುಗಿದು ಬರುತ್ತಿದ್ದರು. ಗದ್ದೆಯ ಮಾಲೀಕ ಆಬಾಸಾಹೇಬ ಒಂದು ದಿನ ಬದುವಿನಲ್ಲಿ ಕಾದು ಕೂತು ಹಿಡಿದೇಬಿಟ್ಟರು. "ಪಾರಿಸಣ್ಣಾ, ನಿಮ್ಮ ಪುಣ್ಯಾ ನಿಮ್ಮ ಹೊಲಕ್ಕ ಬಿಟ್ಕೋರಿ. ನನ್ನ ಕಬ್ಬ ಯಾಕ ತಿನ್ನಿಸ್ತೀರಿ?" ಆಮೇಲೆ ಪಾರಿಸಣ್ಣ ಬಟ್ಟಲಲ್ಲಿ ಹಾಲಿಟ್ಟು ಬೆಕ್ಕುಗಳನ್ನು ಕರೆದರು. ಬೆಕ್ಕುಗಳು ಬಂದವು, ಹಾಲು ಕುಡಿದವು, ಮೀಸೆ ಒರೆಸಿಕೊಂಡು ಗಟಾರದ ಪಕ್ಕಕ್ಕೇ ಹೋಗಿ ಮಲಗಿದವು.

ಕೊನೆಗೆ ಒಂದು ಸಂತೆಯ ದಿನ ಪಾರಿಸಣ್ಣ ಕರವಸ್ತ್ರ ಹಿಡಿದು ಗೌರಾಬಾಯಿಯ ಮುಂದೆ ನಿಂತರು.

"ಅಕ್ಕಾ, ಆ ಬೆಕ್ಕಗೋಳನ್ನ ಒಂದೀಟ ನಮ್ಮ ಕಡೆ ಕಳಸ್ರಿ."

"ನಾ ಕಟ್ಟಿ ಸಾಕೇನೇನ್ರಿ ಅಣ್ಣಾರ? ಪೆಟಗಿ ಇದ್ದಲ್ಲಿ ಅವು ಇರ್ತಾವ."

ಪಾರಿಸಣ್ಣ ಆಕಾಶ ನೋಡಿದರು. "ಮಳಿ ಭಾಳ ಐತಿ. ಹೆಣ್ಮಗಳು ತೋಯಿಸ್ಕೋತ ಕುಂತರ ನಮಗ ಚಂದ ಅಲ್ಲ. ಚಪ್ಪರಕ್ಕ ಬರ್ರಿ."

ಇಡೀ ಸಂತೆ ಮುಸಿಮುಸಿ ನಕ್ಕಿತು. ಪೆಟ್ಟಿಗೆಯ ಒಂದು ತುದಿಗೆ ಪಾರಿಸಣ್ಣನೇ ಕೈ ಹಚ್ಚಿದರು. ಮೂಗು ಮುಚ್ಚಲು ಕೈ ಉಳಿಯಲಿಲ್ಲ. ಹಿಂದೆ ಬೆಕ್ಕುಗಳ ದಿಬ್ಬಣ.

ಬೆಕ್ಕು ಇಲಿ ಹಿಡಿದರೆ ಪಾಪ ಯಾರ ಲೆಕ್ಕಕ್ಕೆ ಎಂದು ಅಂಗಡಿಯಲ್ಲಿ ನಾನು ಪಾರಿಸಣ್ಣನನ್ನು ಕೇಳುತ್ತೇನೆ. ಅವರು ಗಂಭೀರವಾಗಿ, "ಬೆಕ್ಕ ನಂದಲ್ರಿ. ಅದನ್ನ ನೋಡೇ ಇಲಿ ಓಡಿ ಹೋಗ್ತಾವ, ಮುಂದಿಂದು ನನಗ ಗೊತ್ತಿಲ್ಲ" ಎಂದು ಜೋಳದ ಚೀಲದತ್ತ ತಿರುಗುತ್ತಾರೆ. ಒಳಗಿನಿಂದ ಅವರ ಪತ್ನಿ ಮಂಗಲ ನಗುವುದು ಕೇಳಿಸುತ್ತದೆ. ಗೌರಾಬಾಯಿಗೆ ನಡು ಹಗಲಿನ ಚಹಾ ಬರುವುದು ಅವರ ಕೈಯಿಂದಲೇ.

ಹೊರಡುವ ಮುನ್ನ ಗೌರಾಬಾಯಿಗೆ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ವಾಸನೆ ಹೊರಬಾರದ, ಬಿಗಿ ಮುಚ್ಚಳದ ಸ್ಟೀಲ್ ಪೆಟ್ಟಿಗೆ ಕೊಡಿಸುತ್ತೇನೆಂದು ಪಾರಿಸಣ್ಣ ಹೇಳಿದ್ದಾರಂತೆ. ಇವರು ಬೇಡವೆಂದಿದ್ದಾರೆ. ಕಾಲಬಳಿಯ ಕರಿಬೆಕ್ಕಿಗೆ ಬೊಂಬಿಲದ ತಲೆಯೊಂದನ್ನು ಎಸೆದು, ಹಳೆಯ ಪೆಟ್ಟಿಗೆಯ ಸೀಳಿನ ಮೇಲೆ ಕೈಯಾಡಿಸುತ್ತಾರೆ.

"ವಾಸನಿ ಹೋದ್ರ ಬೆಕ್ಕ ಹೋಗ್ತಾವ್ರಿ. ಬೆಕ್ಕ ಹೋದ್ರ ನನ್ನ ಜಾಗಾನೂ ಹೋಗತೈತಿ. ನಾ ಇರೂತನಕ ಈ ಸೀಳ ಯಾರೂ ಮುಚ್ಚಬಾರ್ದು, ಅಷ್ಟ ಸಾಕು."