ತಪ್ಪು ಎನ್ನಲಾರದ ಹುಡುಗಿ

ನಲವತ್ತು ದಾಟಿದ ಮೇಲೆ ಕಾಲೇಜು ಸೇರುವವರಿಗೆ ಬುದ್ಧಿ ಹೇಳಲು ಬಹರೈನಿನ ಮಂಗಳೂರಿಗರಲ್ಲಿ ಜನರ ಕೊರತೆಯಿಲ್ಲ. ನಾನು ಯಾರ ಮಾತೂ ಕೇಳುವವಳಲ್ಲ. ಟುಬ್ಲಿಯ ಒಂದು ವರ್ಕ್‌ಶಾಪಿನ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದವಳು, ಡಿಗ್ರಿ ಇಲ್ಲವೆಂಬ ಒಂದೇ ಕಾರಣಕ್ಕೆ ನಿನ್ನೆ ಮೊನ್ನೆ ಬಂದವರ ಕೈಕೆಳಗೆ ಕೂರಬೇಕಾದಾಗ ರೇಗಿಹೋಗಿ ಸಂಜೆ ಕಾಲೇಜಿಗೆ ಸೇರಿಯೇ ಬಿಟ್ಟೆ. ಉಳಿದ ವಿಷಯಗಳೆಲ್ಲ ಹೇಗೋ ದಾಟಿದವು. ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಫೇಲಾದೆ. ಇನ್ನೊಮ್ಮೆ ಫೇಲಾದರೆ ಕೋರ್ಸಿನಿಂದಲೇ ಹೊರಗೆ ಎಂದು ಕಾಲೇಜಿನವರು ನಗುನಗುತ್ತಲೇ ತಿಳಿಸಿ, ಕಲಿಕಾ ನೆರವಿನ ಕೇಂದ್ರಕ್ಕೆ ಹೋಗಿ ಎಂದರು.

ಕೇಂದ್ರವೆಂದರೆ ಲೈಬ್ರರಿಯ ಮೂಲೆಯಲ್ಲಿ ಗಾಜಿನ ಗೋಡೆಯ ಒಂದು ಕೋಣೆ. ಅಲ್ಲಿ ಪಾಠ ಹೇಳಿಕೊಡುವವರು ಮೇಷ್ಟರಲ್ಲ, ಚೆನ್ನಾಗಿ ಓದುವ ವಿದ್ಯಾರ್ಥಿಗಳು. ನನ್ನ ಪಾಲಿಗೆ ಬಂದದ್ದು ನನ್ನ ಮಗಳ ವಯಸ್ಸಿನ ಒಬ್ಬಳು ಬಹರೈನಿ ಹುಡುಗಿ. ಮೊದಲ ದಿನವೇ ನನ್ನನ್ನು ‘ಖಾಲಾ’ ಎಂದಳು. ಅವರಲ್ಲಿ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ. ಫ್ಲಾಸ್ಕಿನಿಂದ ಪುಟ್ಟ ಬಟ್ಟಲಿಗೆ ಅರಬ್ಬಿ ಕಾಫಿ ಬಗ್ಗಿಸಿ, ಖರ್ಜೂರದ ಡಬ್ಬಿ ನನ್ನ ಮುಂದೆ ಸರಿಸಿದಳು. ಮುಂದಿನ ಸಲ ನಾನು ಗೋಳಿಬಜೆ ಒಯ್ದೆ. ಬರಿಗೈಯಲ್ಲಿ ಹೋಗುವುದು ನನ್ನ ಜಾಯಮಾನವಲ್ಲ.

ನಾನು ಏನು ಬರೆದರೂ ಆ ಹುಡುಗಿ ‘ವೆರಿ ನೈಸ್, ಖಾಲಾ’ ಎನ್ನುತ್ತಿದ್ದಳು. ಚೀಲದಿಂದ ಕೆಂಪು ಚೆಂಡು ಕೈಗೆ ಬರುವ ಸಾಧ್ಯತೆ ಎಷ್ಟು ಎಂಬ ಲೆಕ್ಕಕ್ಕೆ ನಾನು ಮೂರು ಎಂದು ಬರೆದೆ. ಸಾಧ್ಯತೆ ಒಂದನ್ನು ದಾಟುವಂತೆಯೇ ಇಲ್ಲ ಎಂಬುದು ನನಗೇನು ಗೊತ್ತು? ಅವಳು ಬಹಳ ಹೊತ್ತು ಅದನ್ನೇ ನೋಡಿ, ‘ತುಂಬಾ ಉದಾರವಾದ ಉತ್ತರ’ ಎಂದಳು. ನಾನು ಉಬ್ಬಿಹೋದೆ.

“ನೀನು ಕಲೀಲಿಕ್ಕೆ ಹೋಗುವುದಾ, ತಿನ್ಲಿಕ್ಕೆ ಹೋಗುವುದಾ ಮಾರಾಯ್ತಿ?” ಎಂದರು ನಮ್ಮವರು.

“ನಿಮಗೆ ಎಂತ ಗೊತ್ತುಂಟು? ಎಲ್ಲ ಸರಿ ಉಂಟು ಅಂತ ಹೇಳ್ತಾಳೆ ಅವಳು,” ಎಂದು ಬಾಯಿ ಮುಚ್ಚಿಸಿದೆ.

ಆಮೇಲೆ ಮೇಷ್ಟರು ಒಂದು ಅಭ್ಯಾಸ ಪರೀಕ್ಷೆ ಕೊಟ್ಟರು. ನನ್ನ ಉತ್ತರಗಳ ಪೈಕಿ ಸರಿಯಾಗಿದ್ದದ್ದು ನನ್ನ ಹೆಸರೊಂದೇ. ಕಾಗದ ಹಿಡಿದು ಬುಸುಗುಡುತ್ತ ಗಾಜಿನ ಕೋಣೆಗೆ ನುಗ್ಗಿ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹುಡುಗಿ ತಲೆ ತಗ್ಗಿಸಿದಳು.

“ನೀವು ನನ್ನ ಅಮ್ಮನ ವಯಸ್ಸಿನವರು. ನಿಮಗೆ ತಪ್ಪು ಅಂತ ಹೇಗೆ ಹೇಳಲಿ? ನಮ್ಮಜ್ಜಿ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದರೂ ನಾವು ಉಂಡು, ನಿಮ್ಮ ಕೈ ತಣ್ಣಗಿರಲಿ ಅಂತೇವೆ.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆದರೆ ಪರೀಕ್ಷೆ ಹತ್ತಿರ ಬಂದಿತ್ತು. ಮೇಜಿನ ಮೇಲೆ ಕಾಫಿ ಬಟ್ಟಲಿತ್ತು. ಇಲ್ಲಿ ಕಾಫಿ ಸಾಕು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಖಾಲಿ ಬಟ್ಟಲನ್ನು ಅಲ್ಲಾಡಿಸಿದರೆ ಮುಗಿಯಿತು, ಯಾರಿಗೂ ಬೇಸರವಿಲ್ಲ. ಹಾಗಾದರೆ ನಾನು ತಪ್ಪಿದಲ್ಲೆಲ್ಲ ನೀನು ಬಟ್ಟಲು ಅಲ್ಲಾಡಿಸು ಎಂದೆ. ಅವಳ ಮುಖ ಅರಳಿತು.

ಮೊದಲ ದಿನ ಬಟ್ಟಲು ನಿಂತದ್ದೇ ಇಲ್ಲ. ಗಾಜಿನಾಚೆಯಿಂದ ನೋಡಿದ ಕೇಂದ್ರದ ಮುಖ್ಯಸ್ಥೆ ಹುಡುಗಿ ಚಳಿಗೆ ನಡುಗುತ್ತಿದ್ದಾಳೆಂದು ಬಗೆದು ಏಸಿ ಬಂದ್ ಮಾಡಿಸಿದರು. ಜೂನ್ ತಿಂಗಳು. ನಾವಿಬ್ಬರೂ ಬೆವರು ಒರೆಸಿಕೊಳ್ಳುತ್ತ ಲೆಕ್ಕ ಮಾಡಿದೆವು. ಏಸಿ ಹಾಕಿ ಎಂದು ಕೇಳಲು ಇಬ್ಬರಿಗೂ ಸಂಕೋಚ.

ಒಂದು ದಿನ ಸರಾಸರಿಯಿಂದ ಪ್ರತಿ ಸಂಖ್ಯೆಯ ವ್ಯತ್ಯಾಸ ತೆಗೆದು, ವರ್ಗ ಮಾಡದೆ ಹಾಗೆಯೇ ಕೂಡಿಸಿಬಿಟ್ಟೆ. ಸೊನ್ನೆ ಬಂತು. ಬಟ್ಟಲು ಅಲ್ಲಾಡಿತು. ಇಷ್ಟು ಚೊಕ್ಕ ಉತ್ತರ ತಪ್ಪಾಗಲು ಸಾಧ್ಯವೇ ಇಲ್ಲವೆಂದು ನಾನು ವಾದಕ್ಕಿಳಿದೆ. ಅವಳು ಬಟ್ಟಲನ್ನು ಟಕ್ಕೆಂದು ಕೆಳಗಿಟ್ಟಳು.

“ತಪ್ಪು, ಖಾಲಾ. ನಿನ್ನೆಯೂ ಹೇಳಿದೆ, ಮೊನ್ನೆಯೂ ಹೇಳಿದೆ. ವರ್ಗ ಮಾಡದೆ ಕೂಡಿಸಿದರೆ ಯಾವಾಗಲೂ ಸೊನ್ನೆಯೇ ಬರುತ್ತದೆ. ನಾನು ಹೇಳುವಾಗ ನೀವು ಆ ಬಜೆ ಡಬ್ಬಿ ನೋಡುತ್ತಿರುತ್ತೀರಿ.”

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ನಾನು ಡಬ್ಬಿಯ ಮುಚ್ಚಳ ಹಾಕಿ, “ಇನ್ನೂ ಬೈ,” ಎಂದೆ. ಒಮ್ಮೆ ರುಚಿ ಹತ್ತಿದ ಮೇಲೆ ಅವಳನ್ನು ತಡೆಯುವವರಿಲ್ಲ. ಪರೀಕ್ಷೆಯವರೆಗೂ ನನ್ನ ನೀರಿಳಿಸಿದಳು.

ಪಾಸಾದೆ, ಅದೂ ಗಡಿ ಮುಟ್ಟಿ. ಕುಣಿಯುತ್ತ ಹೋಗಿ ಅವಳಿಗೆ ಉತ್ತರಪತ್ರಿಕೆ ತೋರಿಸಿದೆ. ನನ್ನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟವಳು, ಪತ್ರಿಕೆಯನ್ನು ಇನ್ನೊಮ್ಮೆ ನೋಡಿ ಹುಬ್ಬು ಗಂಟಿಕ್ಕಿದಳು. ಆ ನಾಲ್ಕನೆಯ ಪ್ರಶ್ನೆ ಯಾಕೆ ಬಿಟ್ಟಿರಿ, ಅಷ್ಟು ಹೇಳಿಕೊಟ್ಟದ್ದು ಎಲ್ಲಿ ಹೋಯಿತು ಎಂದು ಕಾರಿಡಾರಿನ ಮಧ್ಯದಲ್ಲೇ ಶುರುಮಾಡಿದಳು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಎಷ್ಟೋ ವರ್ಷಗಳಿಂದ ಈ ಊರಿನವರು ನನಗೆ ಬಾಗಿಲು ಹಿಡಿದು ನಿಂತಿದ್ದಾರೆ, ಸಾಲಿನಲ್ಲಿ ಮುಂದೆ ಬಿಟ್ಟಿದ್ದಾರೆ, ಒಬ್ಬರೂ ಗದರಿರಲಿಲ್ಲ. ಹೊರಗಿನವರನ್ನು ಯಾರು ಬೈಯುತ್ತಾರೆ? ನನಗೆ ಕಣ್ಣು ತುಂಬಿ ಬಂತು. ಹೊರಗೆ ಬಂದು ಮನೆಗೆ ಫೋನ್ ಮಾಡಿದೆ.

“ಪಾಸಾ?” ಎಂದರು ನಮ್ಮವರು.

“ಪಾಸು. ಬೈಗುಳ ಸಹ ಸಿಕ್ಕಿತು.”

“ಯಾರು ಬೈದದ್ದು?”

“ನಮ್ಮ ಹುಡುಗಿ,” ಎಂದೆ.