ಆರ್ಚ್ ಬಿದ್ದ ಮಾಡು

ನಮ್ಮ ಕಣಿವೆಯಲ್ಲಿ ಆರ್ಚ್ ಪಿಗಟ್ ಹತ್ತದ ಮನೆಯ ಮಾಡೇ ಇಲ್ಲ. ಮೂವತ್ತು ವರ್ಷ ಹಾಲಿನ ಟ್ಯಾಂಕರ್ ಓಡಿಸಿದವನು, ಕಾಡ್ಗಿಚ್ಚು ಬಂದುಹೋದ ಮೇಲೆ ಬೂದಿಯಾದ ಮನೆಗಳನ್ನು ಮತ್ತೆ ಎಬ್ಬಿಸಿ ನಿಲ್ಲಿಸುವುದೇ ತನ್ನ ಉದ್ಯೋಗ ಅಂದುಕೊಂಡ. ಕೂಲಿ ಕೇಳಿದವನಲ್ಲ. ಒಂದು ಮೀಟ್ ಪೈ, ಒಂದು ಲೋಟ ಚಹಾ ಸಾಕು. ಚಹಾ ತೆಳ್ಳಗಿದ್ದರೆ ಮಾತ್ರ ಮನೆಯೊಡತಿಯ ಏಳು ತಲೆಮಾರನ್ನೂ ಜಾಲಾಡುತ್ತಿದ್ದ. ಐದು ಮನೆ ಮುಗಿಸಿ ಆರನೆಯದಕ್ಕೆ ಬಂದ. ಅದು ನನ್ನದು.

ಕೆಲಸ ಶುರುವಾಗುವ ಮೊದಲು ವಿಮೆಯವರಿಗೆ ಫೋನ್ ಮಾಡಿದ್ದೆ. ವಾಸದ ಮನೆಯ ವಿಮೆ, ಇನ್ನೂ ಕಟ್ಟುತ್ತಿರುವ ಮನೆಗೆ ನಡೆಯುವುದಿಲ್ಲ, ಬೇರೆಯೇ ಬೇಕು. ಗೆಳೆಯರು, ನೆರೆಯವರು ಬಂದು ಕೈಹಾಕುತ್ತಾರೆಯೇ ಎಂದು ಆ ಕಡೆಯ ಹುಡುಗಿ ಕೇಳಿದಳು. ಹಾಗಿದ್ದರೆ ಅವರನ್ನೂ ಸೇರಿಸಬೇಕಂತೆ. ಯಾರೂ ಇಲ್ಲ, ಮೇಸ್ತ್ರಿ ಮತ್ತು ಅವನ ಆಳುಗಳಷ್ಟೇ ಎಂದುಬಿಟ್ಟೆ. ಆರ್ಚ್‌ಗೆ ವಿಮೆ ಮಾಡಿಸುವುದೆಂದರೆ, ನಾಳೆ ಅವನು ನನ್ನ ಮೇಲೆ ಕೇಸು ಹಾಕುತ್ತಾನೆಂದು ಇವತ್ತೇ ಅನುಮಾನಪಟ್ಟಂತೆ. ನಮ್ಮೂರಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಹೀಗಂತ ನನಗೆ ನಾನೇ ಹೇಳಿಕೊಂಡೆ. ಕಂತು ಹೆಚ್ಚಾಗುತ್ತದೆ ಎಂಬುದೂ ಇತ್ತು; ಸುಳ್ಳೇಕೆ.

ಮೂರನೇ ಶನಿವಾರ, ಆಳುಗಳಿಗೆ ರಜೆಯಿದ್ದ ದಿನ, ಮಾಡಿಗೆ ತಗಡು ಹೊದಿಸುತ್ತಿದ್ದ ಆರ್ಚ್ ಜಾರಿ ಬಿದ್ದ. ಕಾಲು ಮುರಿಯಿತು. ನೋಡಿದವಳು ನಾನೊಬ್ಬಳೇ. ಹೇಗೋ ಅವನನ್ನು ಗಾಡಿಗೆ ಹತ್ತಿಸಿ ಆಸ್ಪತ್ರೆಗೆ ಹೊರಟೆ. ಅರ್ಧ ದಾರಿಯಲ್ಲಿ ಹಲ್ಲು ಕಚ್ಚಿಕೊಂಡೇ ಕೇಳಿದ: "ಡೆಲ್ಸಿ, ನಿನ್ನ ವಿಮೆ ಒಳಗೆ ನಾನಿದೀನಾ, ಇಲ್ವಾ?"

ನಾನು ರಸ್ತೆಯಿಂದ ಕಣ್ಣು ತೆಗೆಯದೆ ಗಾಡಿ ಓಡಿಸಿದೆ. ನಾನು ಸುಳ್ಳು ಹೇಳಿದ್ದು ಗೊತ್ತಾದರೆ ಇರುವ ವಿಮೆಯೂ ರದ್ದು. ವಿಮೆ ಇಲ್ಲದೆ ಬ್ಯಾಂಕು ಸಾಲ ಬಿಡುವುದಿಲ್ಲ, ಮನೆ ಅರ್ಧಕ್ಕೇ ನಿಲ್ಲುತ್ತದೆ. ಐದು ಮನೆ ಕಟ್ಟಿದವನಿಗೆ ಇದನ್ನು ಬಿಡಿಸಿ ಹೇಳಬೇಕೇ?

"ಗೊತ್ತಾಯ್ತು ಬಿಡು ಮಾರಾಯ್ತಿ," ಅಂದ.

ಎಲ್ಲಿ ಬಿದ್ದಿರಿ ಎಂದು ನರ್ಸ್ ಕೇಳಿದಾಗ, ತನ್ನ ಕೋಳಿಗೂಡಿನ ಮೇಲಿಂದ ಎಂದ. ಅವನ ಟೋಪಿ ಹಿಡಿದು ನಾನು ಪಕ್ಕದಲ್ಲೇ ನಿಂತಿದ್ದೆ.

ಊರಿಗೆ ಅಷ್ಟೇ ಸಾಕಾಯಿತು. ಕಂಡವರ ಮಾಡೆಲ್ಲ ಹತ್ತಿ, ಕೋಳಿಗೂಡಿನಿಂದ ಬಿದ್ದ ಶೂರ! ಪಬ್ಬಿಗೆ ಅವನು ಕಾಲಿಟ್ಟರೆ ಮೂಲೆಯಿಂದ ಯಾರೋ ಕೊಕ್ಕೊಕ್ಕೋ ಎನ್ನುತ್ತಿದ್ದರು. ಅವನೂ ನಗುತ್ತಿದ್ದ. ನಾನೂ ನಕ್ಕಿದ್ದೇನೆ. ಈಗ ನೆನೆದರೆ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಮನೆ ಮುಗಿದ ಮೇಲೆ ಎಲ್ಲರನ್ನೂ ಊಟಕ್ಕೆ ಕರೆದೆ. ಹಿತ್ತಲಲ್ಲಿ ಮಾಂಸ ಸುಡುತ್ತಿದ್ದ ಮೇಸ್ತ್ರಿ ಬ್ರೈಸ್, ಕುಂಟುತ್ತ ಬಂದ ಆರ್ಚ್‌ನ ಕೊರಳಿಗೆ ಒಂದು ರಬ್ಬರ್ ಕೋಳಿ ತೂಗುಹಾಕಿದ. ಜನ ಚಪ್ಪಾಳೆ ತಟ್ಟಿದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಎದ್ದು ನಿಂತು ಹೇಳಿಯೇಬಿಟ್ಟೆ.

"ಅವನು ಬಿದ್ದಿದ್ದು ಇಲ್ಲಿಂದ. ಈ ಮಾಡಿಂದ."

ಎಲ್ಲರೂ ಆರ್ಚ್‌ನತ್ತ ತಿರುಗಿದರು. ಅವನು ನಿಧಾನಕ್ಕೆ ಕೋಳಿಯ ಕುತ್ತಿಗೆ ಸರಿಮಾಡಿದ.

"ಇವ್ಳಿಗೆ ಇನ್ನು ಬಿಯರ್ ಕೊಡ್ಬೇಡ್ರೋ. ಆಗ್ಲೇ ಏರಿದೆ."

ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಲೋಟದಲ್ಲಿದ್ದದ್ದು ಚಹಾ. ಅದನ್ನು ಬಗ್ಗಿಸಿ ತೋರಿಸಿದ್ದರೂ ಸಾಕಿತ್ತು. ನಾನು ಕೂತುಬಿಟ್ಟೆ.