ಆಕ್ಸಲ್ ಮೇಲಿನ ಗೀರು

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ‘ಗುರುತಪ್ಪ’ ಎಂದು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದನ್ನು ಕೇಳಿದವರಿಲ್ಲ. ಕಾರ್ಖಾನೆಯೊಂದರ ಉಗ್ರಾಣದಲ್ಲಿ ಜೀವಮಾನವೆಲ್ಲ ಸಾಮಾನು ಕಾದ ಮನುಷ್ಯ. ಸ್ವಲ್ಪ ಕಣ್ಣು ತಪ್ಪಿದರೆ ಸುತ್ತಿಗೆಗೂ ಕಾಲು ಬರುತ್ತದೆ ಎನ್ನುವುದನ್ನು ಅಲ್ಲಿ ಕಲಿತರು, ಕಲಿತದ್ದನ್ನು ನಿವೃತ್ತಿಯ ದಿನ ಗೇಟಿನಲ್ಲಿ ಬಿಟ್ಟು ಬರಲಿಲ್ಲ. ಕೊಡೆಯ ಹಿಡಿಗೆ ಸುಟ್ಟ ಚುಕ್ಕೆ, ಚಪ್ಪಲಿಯ ಅಡಿಗೆ ಬಣ್ಣ, ಬಾಚಣಿಗೆಗೂ ಒಂದು ಗೀರು. ತಲೆಯ ಮೇಲೆ ಉಳಿದ ನಾಲ್ಕು ಕೂದಲಿಗೆ ಗುರುತು ಹಾಕಲಿಲ್ಲವಲ್ಲ, ಅದೇ ಪುಣ್ಯ.

ಹೆಂಡತಿ ತೀರಿಕೊಂಡ ಮೇಲೆ ಅವರು ತಮ್ಮನ ಮತ್ತು ಅವನ ಹೆಂಡತಿಯ ಜೊತೆಗಿದ್ದರು. ತಮ್ಮನದು ಸೈಕಲ್ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಟೈರು, ಮೂಲೆಯಲ್ಲಿ ಗ್ರೀಸಿನ ಡಬ್ಬ, ಹಿಂದಿನ ಬಾಗಿಲು ದಾಟಿದರೆ ನೇರ ಅಡುಗೆಮನೆ. ಅಣ್ಣನ ಓಡಾಟಕ್ಕೆ ಅಪ್ಪ ಬಿಟ್ಟುಹೋದ ಹಳೆಯ ಸೈಕಲ್ ಇತ್ತು. ಅದರ ಹಿಂದಿನ ಚಕ್ರದ ಆಕ್ಸಲ್ ಮೊನ್ನೆ ಏರು ಹತ್ತುವಾಗ ಟಕ್ಕೆಂದು ಮುರಿಯಿತು. ಚಕ್ರ ಒಂದು ಕಡೆಗೆ ವಾಲಿ ಟೈರು ಫ್ರೇಮಿಗೆ ಉಜ್ಜತೊಡಗಿತು. ಹಿಂಭಾಗವನ್ನು ಎತ್ತಿ ಹಿಡಿದು, ಏದುಸಿರು ಬಿಡುತ್ತ, ದಾರಿಯುದ್ದಕ್ಕೂ ಅನುಮಾನ ಪಡುತ್ತ ಅವರು ಮನೆಗೆ ಬಂದರು.

ಅನುಮಾನ ಇವತ್ತಿನದಲ್ಲ. ಹೋದ ವರ್ಷ ತಮ್ಮ ಆ ಚಕ್ರ ಬಿಚ್ಚಿ ಗ್ರೀಸ್ ಹಾಕುತ್ತಿದ್ದ. ಆಕ್ಸಲ್ಲನ್ನು ಮಣೆಯ ಮೇಲಿಟ್ಟು ಊಟಕ್ಕೆ ಎದ್ದುಹೋದಾಗ ಗುರುತಪ್ಪನವರು ಅರ ತೆಗೆದುಕೊಂಡು, ಯಾರ ಕಣ್ಣಿಗೂ ಬೀಳದ ಒಳಭಾಗದಲ್ಲಿ, ಚೆನ್ನಾಗಿ ಆಳವಾಗಿ ಒಂದು ಗೀರು ಹಾಕಿದ್ದರು. ಹಳೆಯ ಕಾಲದ ಗಟ್ಟಿ ಉಕ್ಕು. ಯಾರಾದರೂ ಬದಲಾಯಿಸಿದರೆ ತಿಳಿಯಬೇಡವೇ? ಊಟ ಮುಗಿಸಿ ಬಂದ ತಮ್ಮ ಆಕ್ಸಲ್ಲನ್ನು ಬೆಳಕಿಗೆ ಹಿಡಿದು ನೋಡಿ, “ಅಣ್ಣ, ಇದು ಬೇಡ, ಹೊಸದು ಹಾಕ್ಬಿಡೋಣ” ಅಂದ. ಅಣ್ಣನ ಕಿವಿ ನೆಟ್ಟಗಾಯಿತು. ಚೆನ್ನಾಗಿರುವ ಆಕ್ಸಲ್ ಇವನಿಗೇಕೆ ಬೇಡ? “ಅದನ್ನೇ ಹಾಕು” ಎಂದು ಗದರಿದ್ದರು. ತಮ್ಮ ಅದನ್ನೇ ಹಾಕಿದ್ದ. ಹಾಕಿದ್ದನೋ, ಹಾಕಿದಂತೆ ಮಾಡಿದ್ದನೋ! ಅವತ್ತಿನಿಂದ ಈ ಹುಳ ಅವರ ತಲೆಯನ್ನು ಕೊರೆಯುತ್ತಲೇ ಇತ್ತು.

ಆ ಹುಳ ಇವತ್ತು ಬೆಳಿಗ್ಗೆ, ತಿಂಡಿ ತಿನ್ನುವಾಗ, ಬಾಯಿಂದ ಹೊರಗೆ ಬಂತು.

“ಅಪ್ಪನ ಆಕ್ಸಲ್ ಮುರಿಯೋ ಮಾಲಲ್ಲ. ಅದು ಅಲ್ಲಿದ್ದಿದ್ರೆ ತಾನೆ!”

ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಬಡಿಸುತ್ತಿದ್ದ ತಮ್ಮನ ಹೆಂಡತಿಯ ಸೌಟು ಮಾತ್ರ ಗಾಳಿಯಲ್ಲೇ ನಿಂತಿತು. ಊರಿನ ಇನ್ನೊಂದು ತುದಿಯಲ್ಲಿ ಹಿಂಬದಿಯಲ್ಲಿ ಎರಡು ಕೋಣೆಯಿರುವ ಅಂಗಡಿ ಬಾಡಿಗೆಗಿದೆ, ಹೋಗಿಬಿಡೋಣ ಎಂದು ಆಕೆ ಗಂಡನನ್ನು ಕಾಡುತ್ತಿದ್ದಳು. ಅಣ್ಣನೊಬ್ಬನೇ ಆಗುತ್ತಾನೆ ಎಂದು ಗಂಡ ಮುಂದೂಡುತ್ತಿದ್ದ. ಗುರುತಪ್ಪನವರಿಗೆ ಇದೆಲ್ಲ ಗೊತ್ತಿತ್ತು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡವರಿಗೆ ಗೊತ್ತಿರದೆ ಇರುತ್ತದೆಯೇ! ಮಾತು ಆಡಿದ ಮೇಲೆ, ಇವರು ಹೊರಟೇಬಿಟ್ಟರೆ ಎಂಬ ಭಯ ಹತ್ತಿತು. ಆದರೂ ಸೋಲಲು ಮನಸ್ಸು ಒಪ್ಪಲಿಲ್ಲ.

“ಬಾ, ನಿನ್ನೆದುರಿಗೇ ಬಿಚ್ತೀನಿ. ಆ ಬಾಡಿಗೆ ಅಂಗಡಿಯವರಿಗೂ ಬರ್ತೀವಿ ಅಂತ ಇವತ್ತೇ ಹೇಳಿಬಿಡ್ತೀನಿ” ಅಂದ ತಮ್ಮ, ಕೈ ತೊಳೆಯುತ್ತ.

ಗುರುತಪ್ಪನವರು ಸ್ಟೂಲನ್ನು ಚಕ್ರದ ಬಳಿಗೇ ಎಳೆದುಕೊಂಡು ಕೂತರು. ತಮ್ಮ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ನಟ್ಟು ಸಡಿಲಿಸಿ, ಚೈನು ಸರಿಸಿ, ಚಕ್ರವನ್ನು ಹೊರಗೆ ತೆಗೆದ. ಅವನ ಕೈ ಜೇಬಿನ ಕಡೆ ಹೋದರೆ ಇವರ ಕಣ್ಣೂ ಜೇಬಿಗೆ. ಅವನು ಬಟ್ಟೆಗಾಗಿ ತಿರುಗಿದರೆ ಇವರೂ ಕತ್ತು ತಿರುಗಿಸಿದರು. ಅವನು ಒಂದು ಕಡೆ ಬೇರಿಂಗನ್ನು ಹಿಡಿದಿಡುವ ಕೋನ್ ತಿರುಗಿಸಿ ಎಳೆದಾಗ ಆಕ್ಸಲ್ಲಿನ ಅರ್ಧ ತುಂಡು ಸಲೀಸಾಗಿ ಕೈಗೆ ಬಂತು. ಬೇರಿಂಗಿನ ಗುಂಡುಗಳು ಸೀಮೆಎಣ್ಣೆಯ ಬಟ್ಟಲಿಗೆ ಉದುರಿದವು. ಇನ್ನರ್ಧ ಚೈನು ಕೂರುವ ಫ್ರೀವ್ಹೀಲ್ ಕಡೆಯಿಂದ ಬಂತು. ತಮ್ಮ ಎರಡನ್ನೂ ಒರೆಸಿ ಅಣ್ಣನ ಅಂಗೈಯಲ್ಲಿಟ್ಟ.

ಗುರುತಪ್ಪನವರು ಕನ್ನಡಕವನ್ನು ಹಣೆಗೇರಿಸಿ ತುಂಡುಗಳನ್ನು ಕಣ್ಣಿನ ಹತ್ತಿರ ತಂದರು. ಗೀರು ಇರಲಿಲ್ಲ. “ಎಲ್ಲಿ?” ಎನ್ನಲು ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಎರಡು ತುಂಡುಗಳನ್ನು ಜೋಡಿಸಿದರು, ಅಭ್ಯಾಸಬಲದಿಂದ. ಮುರಿದ ಕಡೆ ಎರಡೂ ಕೂಡಿದಾಗ ಗೀರು ಕಾಣಿಸಿತು. ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ಅವರದೇ ಕೈ, ಅವರದೇ ಅರ. ಆಕ್ಸಲ್ ಬೇರೆಲ್ಲೂ ಅಲ್ಲ, ಸರಿಯಾಗಿ ಅಲ್ಲೇ ಬಾಯಿಬಿಟ್ಟಿತ್ತು.

“ಅವತ್ತೇ ನೋಡಿದ್ದೆ” ಅಂದ ತಮ್ಮ. “ಅಷ್ಟು ಆಳ ಗೀರಿದ್ರೆ ತಡಿಯಲ್ಲ ಅಂತಾನೇ ಹೊಸದು ಹಾಕೋಣ ಅಂದಿದ್ದು.”

“ಗೀರು ಯಾರದು ಅಂತ ಕೇಳಬಾರದಿತ್ತಾ?”

“ಯಾರದು ಅಂತ ಗೊತ್ತಿತ್ತಲ್ಲ, ಅಣ್ಣ. ಯಾಕೆ ಅನ್ನೋದೂ ಗೊತ್ತಿತ್ತು. ಹೇಗೆ ಕೇಳಲಿ?”

ಗುರುತಪ್ಪನವರಿಗೆ ನಾಚಿಕೆಯಾಯಿತು. ತಮ್ಮ ಹೊಸ ಆಕ್ಸಲ್ ತೂರಿಸಿ, ಗುಂಡುಗಳನ್ನು ಗ್ರೀಸಿನಲ್ಲಿ ಕೂರಿಸಿ, ಚಕ್ರ ಅಲುಗದಂತೆಯೂ ಬಿಗಿಯದಂತೆಯೂ ಕೋನ್ ತಿರುಗಿಸಿ ನೋಡುತ್ತಿದ್ದಾಗ ಅವರು ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ಬೆನ್ನ ಹಿಂದೆ ಸ್ಪ್ಯಾನರ್ ಸದ್ದಾದಾಗೆಲ್ಲ ಕತ್ತು ತಾನೇ ತಿರುಗಹೋಗುತ್ತಿತ್ತು. ಹಲ್ಲು ಕಚ್ಚಿ ತಡೆದರು. ಜೀವನದಲ್ಲಿ ಇಷ್ಟು ಕಷ್ಟದ ಕೆಲಸ ಅವರು ಮಾಡಿದ್ದಿಲ್ಲ.

“ಹೋಗಬೇಡ ಕಣೋ” ಅಂದರು, ಬೀದಿಗೆ ಹೇಳುವವರಂತೆ. “ತಪ್ಪಾಯ್ತು. ನೀವಿಲ್ಲದ ಮನೇಲಿ ನನಗೆ ಭಯವಾಗುತ್ತೆ.”

ಸ್ಪ್ಯಾನರಿನ ಸದ್ದು ನಿಂತಿತು.

“ಕಳ್ಳ ಅನ್ನಿಸಿಕೊಂಡು ನನಗೆ ರೂಢಿಯಾಗಿದೆ” ಅಂದ ತಮ್ಮ. “ಅವಳಿಗಾಗಿಲ್ಲ. ಅವಳನ್ನ ಕೇಳು. ಅವಳು ಇರ್ತೀನಿ ಅಂದ್ರೆ ನಾನೂ ಇರ್ತೀನಿ.”

ಗುರುತಪ್ಪನವರು ಎದ್ದು ಒಳಗೆ ಹೋದರು. ತಮ್ಮನ ಹೆಂಡತಿ ಅಡುಗೆಮನೆಯ ನೆಲದಲ್ಲಿ ಹಳೆಯ ಸೀರೆ ಹಾಸಿ ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದಳು. ಬಾಗಿಲಲ್ಲಿ ಅವರನ್ನು ಕಂಡದ್ದೇ ಕೈ ಹಿಂದಕ್ಕೆ ತೆಗೆದುಕೊಂಡಳು.

“ಆಕ್ಸಲ್ ಅಪ್ಪಂದೇ ಕಣಮ್ಮ. ಅವನು ಬದಲಾಯಿಸಿರಲಿಲ್ಲ. ಮುರಿದಿದ್ದು ನಾನೇ. ನೀವು ಹೋಗಬೇಡಿ” ಅಂದರು.

ಆಕೆ ಅವರ ಮುಖವನ್ನೇ ನೋಡಿದಳು. ಈ ಬಾಯಿಂದ ಇಂಥ ಮಾತು ಸುಮ್ಮನೆ ಬಂದೀತೇ ಎಂದು ತೂಗಿ ನೋಡುವಂತಿತ್ತು ಆ ನೋಟ.

“ಎಲ್ಲಾ ನನ್ನ ತವರಿನವೇ, ಭಾವ. ನಿಮ್ಮವು ಒಂದೂ ಇಲ್ಲ” ಅಂದು, ಕಟ್ಟಿದ್ದ ಗಂಟನ್ನು ಬಿಚ್ಚಿ, ಪಾತ್ರೆಗಳನ್ನು ಒಂದೊಂದಾಗಿ ಅವರ ಕಾಲ ಬಳಿ ಎತ್ತಿಟ್ಟು ತೋರಿಸತೊಡಗಿದಳು.